ಗಿರಾಕಿಯಾಗಿ ಹೊಸ್ತಿನ ಊಟಕ್ಕೆ ಹೋದದ್ದು

ಮೂವತ್ತು ವರ್ಷ ಮುಂಬೈಯಲ್ಲಿ ಅನ್ನ ಮಾರಿ ಬಂದ ನನ್ನ ಗೆಳೆಯ, ಊರಿನಲ್ಲಿ ಅವನ ಅಕ್ಕ ಅನ್ನ ಮಾರಲು ಹೊರಟಾಗ ಅದು ಮನೆತನಕ್ಕೆ ಕಳಂಕ ಎಂದು ಸಾರಿದ. ಮುಂಬೈಯಲ್ಲಿ ಅವನು ನಡೆಸಿದ್ದು ಹೋಟೆಲು, ಊರಾದ ಹಟ್ಟಿಯಂಗಡಿಯ ಬದಿಯಲ್ಲಿರುವುದು ಮನೆ. ಹೋಟೆಲಿನ ಅನ್ನಕ್ಕೆ ದರ ಇರುತ್ತದೆ, ಮನೆಯ ಅನ್ನಕ್ಕೆ ಇರಕೂಡದು. ಇದು ಅವನ ವಾದ. ಕುಂದಾಪುರದ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ನಾನು ಇದಕ್ಕಿಂತ ದುರ್ಬಲವಾದ ವಾದಗಳನ್ನು ಗಂಟೆಗಟ್ಟಲೆ ಕೂತು ಕೇಳಿದವನು. ಆದ್ದರಿಂದ ಇದನ್ನೂ ಕೇಳಿಸಿಕೊಂಡೆ.

ಅವರ ಕುಟುಂಬದಲ್ಲಿ ಮನೆ, ಗದ್ದೆ ಎರಡೂ ಹೆಣ್ಣುಮಕ್ಕಳ ಕಡೆಯಿಂದ ಬರುವುದು. ಅಮ್ಮನ ನಂತರ ಯಜಮಾನಿಕೆ ಅಕ್ಕನಿಗೆ ಬಂತು. ಅಕ್ಕನ ಮಗಳು ನಾಲ್ಕಾರು ಊರು ಸುತ್ತಿ, ನಾಲ್ಕಾರು ಹೋಟೆಲುಗಳಲ್ಲಿ ಕೆಲಸ ಮಾಡಿ ತಿರುಗಿ ಬಂದವಳು, ಮನೆಯೆದುರಿನ ದೊಡ್ಡ ಅಂಗಳಕ್ಕೆ ಚಪ್ಪರ ಹಾಕಿಸಿ, ಮೇಜು ಬೆಂಚು ಇಡಿಸಿ, ಹಿಂದಿನ ಗದ್ದೆಯಲ್ಲಿ ಮತ್ತು ಬದಿಯ ತರಕಾರಿ ಸಾಲಿನಲ್ಲಿ ಬೆಳೆದದ್ದನ್ನು ಮಾತ್ರ ಅಡಿಗೆ ಮಾಡಿ ಬಡಿಸುವುದೆಂದು ತೀರ್ಮಾನಿಸಿದಳು. ಇದಕ್ಕೆ ಪೇಟೆಯವರು ‘ಫಾರ್ಮ್ ಟು ಟೇಬಲ್’ ಎನ್ನುತ್ತಾರಂತೆ. ಪೇಟೆ ಕಡೆಯ ಮಂದಿ ತಮ್ಮ ಹಿತ್ತಿಲಿನ ಬೆಂಡೆಕಾಯಿಯನ್ನು ಬಲಿಯಲು ಬಿಟ್ಟು, ಕಾರಿಗೆ ಪೆಟ್ರೋಲು ಹಾಕಿಸಿ, ಇನ್ನೊಬ್ಬರ ಹಿತ್ತಿಲಿನ ಬೆಂಡೆಕಾಯಿ ತಿನ್ನಲು ಬರುತ್ತಾರೆ ಎಂದರೆ ನಾನು ಮೊದಲು ನಂಬಲಿಲ್ಲ. ಆದರೆ ಬಂದರು. ಭಾನುವಾರ ಜಾಗವೇ ಸಿಗುವುದಿಲ್ಲ ಎಂಬಷ್ಟು ಬಂದರು.

ಚಪ್ಪರದ ಕಂಬ ಹುಗಿಯುವ ದಿನ ಅಂಗಳದಲ್ಲಿ ನಡೆದ ಸಂಭಾಷಣೆಗೆ ನಾನು ಸಾಕ್ಷಿ.

“ನಮ್ಮನಿ ಅನ್ನ ಮಾರುದಾ? ಅನ್ನ ಮಾರಿರೆ ಮನಿ ಉಳಿತಾ ಅಕ್ಕ?” ಎಂದು ಇವನು.

“ನೀನ್ ಮುಂಬೈಯಗೆ ಎಂತ ಮಾರಿದ್ದ್? ಚಿನ್ನವಾ?” ಎಂದು ಅಕ್ಕ.

ಕಂಬ ಹುಗಿಯುತ್ತಿದ್ದವರು ನಕ್ಕರು. ಅದೇ ತಪ್ಪಾಯಿತು. ನಾಲ್ಕು ಜನರ ಎದುರು ನಗೆಗೀಡಾದ ಗಂಡಸು ಏನು ಮಾಡಬಹುದೋ ಅದನ್ನೇ ಇವನೂ ಮಾಡಿದ, ಪ್ರತಿಜ್ಞೆ ಮಾಡಿದ. “ಇನ್ನ್ ಈ ಮನಿ ಒಂದ್ ಅಗುಳ್ ನನ್ನ ಗಂಟ್ಲಗೆ ಇಳಿತಿಲ್ಲೆ.”

“ಆಯ್ತ್, ಇಳಿಯುದ್ ಬೇಡ,” ಎಂದು ಅಕ್ಕ ಒಳಗೆ ಹೋದಳು.

ಅಲ್ಲಿಂದ ಮೂರು ವರ್ಷ ಮಾತಿಲ್ಲ. ಇವನು ಬ್ರಹ್ಮಾವರದಲ್ಲಿ ಹೆಂಡತಿಯ ಮನೆಯ ಹತ್ತಿರ ಇದ್ದಾನೆ, ಅಕ್ಕ ಅಲ್ಲಿ. ಈ ವರ್ಷ ಆಷಾಢದ ಮಳೆಯಲ್ಲಿ ಅಕ್ಕ ಜಾರಿ ಬಿದ್ದು ಸೊಂಟದ ಎಲುಬು ಮುರಿದು ಆಪರೇಶನ್ ಆಯಿತು. ಸುದ್ದಿ ಬಂದ ಮರುದಿನ ಇವನು ಒಂದು ಚೀಲ ಮೂಸಂಬಿ ಹಿಡಿದು ಆಸ್ಪತ್ರೆಗೆ ಹೊರಟ. ಗೇಟಿನವರೆಗೆ ಹೋದ. ಚೀಲ ಸಮೇತ ವಾಪಸು ಬಂದ. ಅವನ ಹೆಂಡತಿ ಆ ವಾರವಿಡೀ ಮನೆಗೆ ಬಂದವರಿಗೆಲ್ಲ ಮೂಸಂಬಿ ಶರಬತ್ತು ಕೊಟ್ಟದ್ದು ನನಗೆ ಗೊತ್ತು, ನಾನೇ ಮೂರು ಗ್ಲಾಸು ಕುಡಿದಿದ್ದೇನೆ. ಆಮೇಲೆ ಎರಡು ದಿನಕ್ಕೊಮ್ಮೆ ನನಗೆ ಫೋನು. ಮಳೆಯ ಸುದ್ದಿ, ಮೀನಿನ ಸುದ್ದಿ, ಕೊನೆಗೆ ಯಾವುದೋ ನೆಂಟರ ವಿಚಾರ ಎಂಬ ಧಾಟಿಯಲ್ಲಿ, “ಹ್ವಾಯ್, ಅವ್ಳ್ ನಡಿತ್ಲಾ ಅಂದ್ ಎಂತಾರೂ ಕೇಂಡ್ಯಾ?”

ನಾನು ಕೇಳಿದ್ದಷ್ಟನ್ನು ಹೇಳುತ್ತಿದ್ದೆ. ಕೇಳಿದ್ದು ಅವನಿಗೆ ಸಾಲುತ್ತಿರಲಿಲ್ಲ. ಕಣ್ಣಾರೆ ಕಾಣಬೇಕಿತ್ತು.

ನವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ಒಂದು ಬೆಳಿಗ್ಗೆ ಅವನು ಕೋಟದ ನನ್ನ ಮನೆಗೆ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟು, “ಭಾನುವಾರ ಊಟಕ್ಕ್ ಹೋಪನಾ? ಹಟ್ಟಿಯಂಗಡಿ ಬದಿಗೆ ಒಂದ್ ಹೋಟ್ಲ್ ಲಾಯ್ಕ್ ಇತ್ತ್ ಅಂಬ್ರ್,” ಎಂದ.

“ಅದ್ ನಿನ್ನ ಅಕ್ಕನ ಮನಿ ಅಲ್ದನಾ?”

“ಮನಿ ಹಿಂದೆ. ಹೋಟ್ಲ್ ಎದ್ರಗೆ. ನಾವ್ ಹೋಪುದ್ ಹೋಟ್ಲಿಗೆ.”

“ನಿನ್ನ ಪ್ರತಿಜ್ಞೆ?”

“ಮನಿ ಅಗುಳ್ ಇಳಿತಿಲ್ಲೆ ಅಂದದ್ದ್ ನಾನ್. ಹೋಟ್ಲ್ ಅಗುಳ್ ಇಳಿತಿಲ್ಲೆ ಅಂದಿದ್ನಾ? ದುಡ್ಡ್ ಕೊಟ್ರೆ ಅದ್ ಹೋಟ್ಲ್ ಅನ್ನ. ನೀನ್ ಕೋರ್ಟ್‌ನಗೆ ಇದ್ದಂವ, ಹೇಳ್ ಕಾಂಬ.”

ನಾನು ಪರಿಶೀಲಿಸಿದೆ. ಮೂರು ವರ್ಷದ ಹಿಂದೆ ಮನೆಯ ಅನ್ನ ಹೋಟೆಲಿನ ಅನ್ನ ಆಗಕೂಡದೆಂದು ಜಗಳ ಮಾಡಿದವನು, ಈಗ ಅದು ಹೋಟೆಲಿನ ಅನ್ನವೇ ಹೌದೆಂದು ವಾದಿಸುತ್ತಿದ್ದ. ಅಂದರೆ ಮೂಲ ದಾವೆಯಲ್ಲಿ ಅಕ್ಕ ಗೆದ್ದ ಹಾಗಾಯಿತು. ಆದರೆ ಇದನ್ನು ಬಾಯಿಬಿಟ್ಟು ಹೇಳಿದರೆ ಅವನು ಹೊರಡುವುದೇ ಇಲ್ಲ. “ವಾದದಲ್ಲಿ ಹುರುಳಿದೆ,” ಎಂದು ಗಂಭೀರವಾಗಿ ತಲೆಯಾಡಿಸಿ ಪ್ಯಾಂಟು ಇಸ್ತ್ರಿ ಮಾಡಿಸಲು ಕೊಟ್ಟೆ.

ಭಾನುವಾರ ಅವನು ಕಾರು ತಂದ. ಸಾಸ್ತಾನದ ಟೋಲ್ ದಾಟಿ ಕೋಟಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡ. ತಲೆಗೆ ಟೊಪ್ಪಿ, ಕಣ್ಣಿಗೆ ಕಪ್ಪು ಕನ್ನಡಕ. ತಾನು ಹುಟ್ಟಿದ ಮನೆಯಲ್ಲಿ ತನ್ನ ಗುರುತು ಸಿಗಬಾರದೆಂದು ಈ ಏರ್ಪಾಡು. ತಲ್ಲೂರಿನಲ್ಲಿ ಬಲಕ್ಕೆ ತಿರುಗುವಲ್ಲಿ ರಿಕ್ಷಾ ನಿಲ್ಲಿಸಿಕೊಂಡಿದ್ದವನೊಬ್ಬ ಕಿಟಕಿಯೊಳಗೆ ಬಗ್ಗಿ, “ಹ್ವಾಯ್, ಅಕ್ಕನ ಮನಿಗಾ? ಬಾರಿ ದಿನ ಆಯ್ತಲೆ!” ಎಂದ.

“ಹೋಟ್ಲಿಗೆ,” ಎಂದ ಗೆಳೆಯ.

“ಆಯ್ತ್ ಆಯ್ತ್. ನಾನ್ ಕೇಂಡಿದೆ ಅಂದ್ ಅಕ್ಕನತ್ರ ಹೇಳಿ.”

ಅವನು ಕಾರು ತಿರುಗಿಸಿ, ಟೊಪ್ಪಿ ತೆಗೆದು ಹಿಂದಿನ ಸೀಟಿಗೆ ಎಸೆದ.

ಚಪ್ಪರದಲ್ಲಿ ಆಗಲೇ ಏಳೆಂಟು ಮೇಜುಗಳು ತುಂಬಿದ್ದವು. ಉಡುಪಿ ಕಡೆಯ ಹುಡುಗ ಹುಡುಗಿಯರು, ಬೈಂದೂರಿನಿಂದ ಬಂದ ಒಂದು ಸಂಸಾರ, ಮೊಬೈಲು ಎತ್ತಿ ಹಿಡಿದು ಬಾಳೆಲೆಯ ಫೋಟೋ ತೆಗೆಯುವವರು. ಅಕ್ಕನ ಮಗಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ನಮ್ಮನ್ನು ಕಂಡು ಒಂದು ಕ್ಷಣ ನಿಂತಳು. ಅವನ ಮುಖ ನೋಡಿದಳು, ಕಪ್ಪು ಕನ್ನಡಕ ನೋಡಿದಳು. ಹುಡುಗಿ ಚುರುಕು.

“ಬನಿ ಸಾರ್. ಇಬ್ರಿಗಾ ಸಾರ್?” ಎಂದಳು.

ಸೋದರಮಾವನಿಗೆ ಸಾರ್ ಎಂದದ್ದು ಚೆನ್ನಾಗಿ ನಾಟಿತು. ಆದರೆ ಗಿರಾಕಿಯೆಂದು ಬಂದವನು ಆಕ್ಷೇಪಿಸುವುದು ಹೇಗೆ? “ಹೌದ್, ಇಬ್ರಿಗೆ,” ಎಂದು ಒಪ್ಪಿಕೊಂಡ. ನಮ್ಮನ್ನು ಕೂರಿಸಿದ್ದು ಬಾಗಿಲಿಗೆ ನೇರವಾದ ಮೇಜಿನಲ್ಲಿ.

ಕೂತವನು ಕೂಡಲೇ ತಪಾಸಣೆಗೆ ಇಳಿದ. ಲೋಟ ಎತ್ತಿ ಬೆಳಕಿಗೆ ಹಿಡಿದ. ಬೆಂಚು ಅಲುಗಿಸಿದ. ಬಡಿಸುವವರ ನಡಿಗೆ ನೋಡಿ “ಸ್ಲೋ” ಎಂದ. ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಇಡೀ ಹೋಟೆಲನ್ನು ಒಂದು ಕಣ್ಣಿನಲ್ಲಿ ಅಳೆದವನು ಎಂಬುದು ಸರಿ. ಆದರೆ ಪ್ರತಿ ತಪಾಸಣೆಯೂ ಕೊನೆಗೆ ಬಾಗಿಲಿನಲ್ಲಿ ಹೋಗಿ ನಿಲ್ಲುತ್ತಿತ್ತು. ಬಾಗಿಲ ಪರದೆ ಅಲುಗಿದರೆ ಕುತ್ತಿಗೆ ಉದ್ದವಾಗುತ್ತಿತ್ತು. ಹೊರಗೆ ಬಂದದ್ದು ಸಾಂಬಾರಿನ ಬಕೆಟು ಎಂದು ಗೊತ್ತಾದರೆ ಗಿಡ್ಡವಾಗುತ್ತಿತ್ತು.

ಆಗ ನಾನು ಚಪ್ಪರದ ಕಂಬ ನೋಡಿದೆ. ಕಂಬಕ್ಕೆ ಭತ್ತದ ಹಸಿ ಕದಿರು, ಮಾವಿನೆಲೆ, ಹಲಸಿನೆಲೆ ಸೇರಿಸಿ ನಾರಿನಲ್ಲಿ ಕಟ್ಟಿದ್ದರು. ಎಲ್ಲ ಕಂಬಕ್ಕೂ. ಬಾಗಿಲ ದಾರಂದಕ್ಕೂ.

“ಹ್ವಾಯ್, ಇವತ್ತ್ ಇಲ್ಲಿ ಹೊಸ್ತ್,” ಎಂದೆ.

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಹೊಸ್ತು ಎಂದರೆ ಹೊಸ ಬೆಳೆಯ ಮೊದಲ ಅನ್ನ. ಗದ್ದೆಯಿಂದ ಕದಿರು ತಂದು ಮನೆ ತುಂಬಿಸಿಕೊಂಡು, ಅದರ ಒಂದು ಹಿಡಿ ಅಕ್ಕಿಯನ್ನು ಹಳೆಯ ಅಕ್ಕಿಯ ಜೊತೆ ಬೇಯಿಸಿ, ಬೆಸ ಸಂಖ್ಯೆಯ ಪದಾರ್ಥ ಮಾಡಿ, ಮನೆಯವರೆಲ್ಲ ಒಟ್ಟಿಗೆ ಉಣ್ಣುವುದು. ಇದರಲ್ಲಿ ಒಂದೇ ಕಟ್ಟುಪಾಡು: ಎಲೆಯ ಮುಂದೆ ಕೂತವರು ಮನೆಯ ಹಿರಿಯರಿಗೆ “ಹೊಸ್ತ್ ಉಂತೆ”, ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಹೇಳಬೇಕು. ಹಿರಿಯರು “ಉಣ್ಣ್” ಎನ್ನಬೇಕು. ಆಮೇಲೆಯೇ ತುತ್ತು. ಜಡ್ಜಿ ಆಗಿರಲಿ, ಕೂಲಿಯವನಾಗಿರಲಿ, ಹೇಳದೆ ಉಂಡವನನ್ನು ನಮ್ಮ ಕಡೆ ನಾನು ಕಂಡಿಲ್ಲ. ಗದ್ದೆ ಈ ಸಲ ಬೇಗ ಹಣ್ಣಾಗಿತ್ತು. ಎಲ್ಲವನ್ನೂ ಲೆಕ್ಕ ಹಾಕಿ ಹೊರಟ ನನ್ನ ಗೆಳೆಯ ಗದ್ದೆಯನ್ನು ಕೇಳಿರಲಿಲ್ಲ.

ಎಲೆ ಬಂತು. ಉಪ್ಪು, ಉಪ್ಪಿನಕಾಯಿ, ಹರಿವೆ ಪಲ್ಯ, ಅಲಸಂದೆ, ಬೆಂಡೆ, ಕೆಸುವಿನ ಸೊಪ್ಪು, ಸೌತೆಕಾಯಿ ಹುಳಿ, ಅರಿಶಿನ ಎಲೆಯ ಕಡುಬು, ಕೊನೆಗೆ ಅನ್ನ. ಕೆಂಪು ಕುಚ್ಚಲಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಅಕ್ಕಿಯ ಬಿಳಿ ಅಗುಳು. ಅಕ್ಕನ ಮಗಳು ಚಪ್ಪರದ ನಡುವೆ ನಿಂತು ಬಂದವರಿಗೆಲ್ಲ ಪದ್ಧತಿ ವಿವರಿಸಿದಳು. “ಅಮ್ಮ ಈಗ ಹೊರಗೆ ಬರ್ತಾರೆ. ಎಲ್ಲರೂ ಅವರಿಗೆ ಹೇಳಿ ಊಟ ಶುರು ಮಾಡಿ. ಸುಮ್ಮನೆ ಕೂತವರಿಗೆ ಪಾಯಸ ಇಲ್ಲ.” ಜನ ನಕ್ಕರು. ಕೊನೆಯ ಮಾತು ನಮ್ಮ ಮೇಜಿನ ಕಡೆ ತಿರುಗಿ ಹೇಳಿದ್ದೆಂದು ನನಗನಿಸಿತು.

ಗೆಳೆಯ ನನ್ನ ಕಡೆ ವಾಲಿದ. “ನೀನ್ ನನ್ನಿಂದ ಆರ್ ತಿಂಗ್ಳ್ ದೊಡ್ಡಂವ ಅಲ್ದಾ?”

“ಹೌದ್.”

“ಹಾಂಗಾರೆ ನಿಂಗೇ ಹೇಳ್ತೆ. ಹೊಸ್ತ್ ಉಂತೆ.”

ಸೇವಾವಧಿಯಿಡೀ ಇನ್ನೊಬ್ಬರು ಕೊಟ್ಟ ಅಪ್ಪಣೆಯನ್ನು ಬರೆದುಕೊಳ್ಳುವುದೇ ಕೆಲಸವಾಗಿದ್ದ ನನಗೆ, ಮೊದಲ ಬಾರಿಗೆ ಅಪ್ಪಣೆ ಕೊಡುವ ಯೋಗ ಬಂದಿತ್ತು. ಆಸೆಯಾಗದೆ ಇರಲಿಲ್ಲ. ಆದರೂ ಹೇಳಿದೆ: “ಇದ್ ನನ್ನ ವ್ಯಾಪ್ತಿಗೆ ಬತ್ತಿಲ್ಲೆ. ಗದ್ದೆ ಯಾರದ್ದೋ ಅವ್ರತ್ರ ಕೇಣ್.”

“ನೀನೊಬ್ಬ!”

“ಗಿರಾಕಿ ಅಂದ್ಯಲೆ. ಗಿರಾಕಿಗ್ ಹೊಸ್ತ್ ಎಂತಕೆ? ಬಾಯಿ ಮುಚ್ಚ್ಕಂಡ್ ಉಣ್.”

ಅವನು ಉಣ್ಣಲಿಲ್ಲ. ಅಲ್ಲೇ ಅವನ ವಾದ ಬಿದ್ದುಹೋಯಿತು, ಅವನಿಗೂ ಗೊತ್ತಾಯಿತು. ಆದರೂ ಮೇಲ್ಮನವಿ ಇದ್ದೇ ಇರುತ್ತದಲ್ಲ. ಅಗುಳುಗಳನ್ನು ಬೆರಳ ತುದಿಯಿಂದ ಬೇರ್ಪಡಿಸಲು ಶುರು ಮಾಡಿದ. ಬಿಳಿಯದು ಎಲೆಯ ಆ ಬದಿಗೆ, ಕೆಂಪು ಈ ಬದಿಗೆ. ಅಕ್ಕಸಾಲಿಗನಿಗೂ ಅಷ್ಟು ಏಕಾಗ್ರತೆ ಇರಲಾರದು.

“ಎಂತದಾ ಅದ್?”

“ಹಳೇದಷ್ಟೇ ಉಂತೆ.”

“ಎರಡೂ ಬೆಂದದ್ದ್ ಒಂದೇ ನೀರಗೆ.”

ಬೆರಳು ನಿಂತಿತು. ಪಾಪ, ಅಡಿಗೆಯ ವಿಷಯದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

ಪರದೆ ಸರಿಯಿತು. ಮೊದಲು ವಾಕರಿನ ಮುಂದಿನ ಎರಡು ಕಾಲು, ಆಮೇಲೆ ಅಕ್ಕ. ಒಳ್ಳೆಯ ಹಸಿರು ಅಂಚಿನ ಕಾಟನ್ ಸೀರೆ, ತಲೆಯಲ್ಲಿ ಅಬ್ಬಲಿಗೆ ಹೂವು. ಮೊದಲಿಗಿಂತ ಸಣ್ಣಗಾಗಿದ್ದಳು. ವಾಕರು ಎತ್ತಿ ಮುಂದಿಡುವುದು, ಒಂದು ಕಾಲು ಎಳೆಯುವುದು, ಇನ್ನೊಂದನ್ನು ಊರುವುದು, ಉಸಿರು ಬಿಡುವುದು. ಮಗಳು ಪ್ಲಾಸ್ಟಿಕ್ ಕುರ್ಚಿ ಹಿಡಿದು ಹಿಂದೆಯೇ ಬಂದಳು. ಅಕ್ಕ ಕುರ್ಚಿ ಬೇಡವೆಂದು ತಲೆಯಾಡಿಸಿದಳು. ಹೊಸ್ತಿನ ದಿನ ಎಲ್ಲರಿಗೂ ಅಪ್ಪಣೆ ಕೊಟ್ಟು ಮುಗಿಯುವವರೆಗೆ ಹಿರಿಯರು ಕೂರುವುದಿಲ್ಲ, ಅದು ಆ ಮನೆಯ ಕ್ರಮ.

ಮೇಜಿನಿಂದ ಮೇಜಿಗೆ ಬಂದಳು. ಉಡುಪಿಯ ಹುಡುಗಿಯರು ಒಟ್ಟಿಗೆ ಎದ್ದು ನಿಂತು, “ಅಜ್ಜೀ, ಹೊಸ್ತು ಉಣ್ತೇವೆ!” ಎಂದು ಕೂಗಿದರು. “ಉಣ್ಣಿ ಮಕ್ಳೆ, ಕೂಕಂಡ್ ಉಣ್ಣಿ,” ಎಂದಳು. ಬೈಂದೂರಿನ ಸಂಸಾರದಲ್ಲಿ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹೇಳಿದರು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ “ಉಣ್ಣಿ” ಸಿಕ್ಕಿತು. ಮುಖಪರಿಚಯವಿಲ್ಲದವರೆಲ್ಲ ಆ ಹೆಂಗಸಿನ ಅಪ್ಪಣೆ ಪಡೆದು ಉಣ್ಣಲು ತೊಡಗಿದರು. ಒಡಹುಟ್ಟಿದವನು ಮಾತ್ರ ಕೆಂಪು ಅಗುಳಿನ ರಾಶಿಯನ್ನು ನೋಡುತ್ತ ಕೂತಿದ್ದ.

ನಮ್ಮ ಮೇಜಿಗೆ ಬಂದು ನಿಂತಳು. ನಾನು ಹೇಳಿದೆ, “ಅಕ್ಕ, ಹೊಸ್ತ್ ಉಂತೆ.”

“ಉಣ್ಣಿ ಕೋರ್ಟ್‌ನವ್ರೆ. ನಿಮ್ಮ ಮನೆಯಗೆ ಆಯ್ತಾ?”

“ಹೋದ್ ವಾರವೇ ಆಯ್ತ್.”

“ಅಡ್ಡಿಲ್ಲ, ಇಲ್ಲೂ ಉಣ್ಣಿ.”

ಗೆಳೆಯನನ್ನು ನೋಡಲಿಲ್ಲ. ಆದರೆ ಮುಂದಿನ ಮೇಜಿಗೂ ಹೋಗಲಿಲ್ಲ, ಮುಂದೆ ಮೇಜು ಇರಲಿಲ್ಲ. ಎಲ್ಲರದ್ದೂ ಆಗಿತ್ತು. ಉಳಿದವನು ಒಬ್ಬ. ಅವನು ಬಾಯಿ ತೆರೆಯುವವರೆಗೆ ಅವಳು ನಿಂತೇ ಇರಬೇಕು. ವಾಕರಿನ ಮೇಲಿದ್ದ ಕೈಯ ನರ ಉಬ್ಬಿಕೊಂಡಿತ್ತು. ಒಂದು ಕಾಲನ್ನು ನೆಲಕ್ಕೆ ಪೂರ್ತಿ ಊರದೆ ಸ್ವಲ್ಪ ಎತ್ತಿ ಹಿಡಿದಿದ್ದಳು. ಮಗಳು ಕುರ್ಚಿ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

ಗೆಳೆಯ ಎಲೆಯಿಂದ ಕಣ್ಣು ತೆಗೆದ. ಅಕ್ಕನ ಮುಖ ನೋಡಲಿಲ್ಲ, ಕಾಲು ನೋಡಿದ.

“ಕೂಕೊ,” ಎಂದ.

“ಎಲ್ರದ್ದೂ ಆಯ್ಲಿ,” ಎಂದಳು ಅಕ್ಕ, ಯಾರಿಗೋ ಹೇಳಿದ ಹಾಗೆ.

“ಕಾಲ್ ನೋತ್ತ್ ನಿಂಗೆ.”

“ನನ್ನ ಕಾಲ್ ಅಲ್ದಾ? ನೋಯ್ಲಿ. ಬಂದ್ ಕೇಂಡವ್ರ್ ಯಾರಿದ್ರ್?”

ಅವನು ಕನ್ನಡಕ ತೆಗೆದು ಕಿಸೆಗೆ ಹಾಕಿದ. ಮೇಜಿನ ಮೇಲಿನ ನೀರು ಕುಡಿದ. ಗಂಟಲು ಸರಿಮಾಡಿಕೊಂಡ. ಮುಂಬೈಯಲ್ಲಿ ಎಷ್ಟೋ ಮಂದಿ ಇನ್‌ಸ್ಪೆಕ್ಟರುಗಳ ಎದುರು ತಡೆಯಿಲ್ಲದೆ ಮಾತಾಡಿದ ಗಂಟಲದು.

“ಹೊಸ್ತ್ ಉಂತೆ ಅಕ್ಕ.”

ಅಕ್ಕ ಮೊದಲು ಬಾಗಿಲ ದಾರಂದದ ಕದಿರಿನ ಕಡೆ ನೋಡಿದಳು. ಮೂರು ವರ್ಷ ಕಾದವಳಿಗೆ ಅಷ್ಟು ಹೊತ್ತು ತೆಗೆದುಕೊಳ್ಳುವ ಹಕ್ಕಿತ್ತು ಎಂದು ನಾನು ತೀರ್ಮಾನಿಸಿದೆ.

“ಉಣ್ಣ್,” ಎಂದಳು.

ಮಗಳು ಕುರ್ಚಿ ಒಡ್ಡಿದಳು. ಅಕ್ಕ ನಮ್ಮ ಮೇಜಿನ ತುದಿಯಲ್ಲೇ ಕೂತಳು, ಕೂರುವಾಗ ಹಲ್ಲು ಕಚ್ಚಿದಳು. ಗೆಳೆಯ ಬೇರ್ಪಡಿಸಿದ್ದ ಅಗುಳನ್ನೆಲ್ಲ ಒಂದೇ ಕೈಯಲ್ಲಿ ಬಾಚಿ ಹುಳಿಗೆ ಕಲಸಿ ಮೊದಲ ತುತ್ತು ಬಾಯಿಗಿಟ್ಟ. ಎರಡನೆಯ ತುತ್ತು ಇಳಿಯುವಷ್ಟರಲ್ಲಿ ಅವನ ವೃತ್ತಿ ಎಚ್ಚರವಾಯಿತು.

“ಹುಳಿಗ್ ಬೆಲ್ಲ ಜಾಸ್ತಿ ಆಯ್ತ್.”

“ನಿಂಗ್ ನಾಲ್ಗಿ ಜಾಸ್ತಿ ಆಯ್ತ್. ಮುಂಬೈ ಸಾಂಬಾರ್ ಅಲ್ಲ ಅದ್.”

“ಬಡ್ಸುವವ್ರ್ ಸ್ಲೋ.”

“ಬೇಗ ಬಡ್ಸಿ ಎಬ್ಬಿಸಿ ಕಳ್ಸುಕೆ ಇದ್ ನಿನ್ನ ಹೋಟ್ಲಾ? ಮನಿ ಇದ್.”

ನಾನು ಕಡುಬಿನಿಂದ ತಲೆಯೆತ್ತಿದೆ. ಮೂರು ವರ್ಷದ ದಾವೆಯಲ್ಲಿ ಉಭಯ ಪಕ್ಷಗಳೂ ತಮ್ಮ ತಮ್ಮ ವಾದವನ್ನು ಪರಸ್ಪರ ಅದಲು ಬದಲು ಮಾಡಿಕೊಂಡಿದ್ದವು. ದಾಖಲಿಸಿಕೊಳ್ಳುವವರು ಯಾರೂ ಇರಲಿಲ್ಲ. ಅವನೂ ಗಮನಿಸಲಿಲ್ಲ, ಅವಳೂ ಗಮನಿಸಲಿಲ್ಲ.

ಆಮೇಲೆ ಆಪರೇಶನ್ನಿನ ವಿಷಯ ಬಂತು. ಅವನು ಕೇಳಲಿಲ್ಲ, ಅವಳೇ ಬೈಗುಳದ ಧಾಟಿಯಲ್ಲಿ ಹೇಳಿದಳು. ಎಷ್ಟು ಹೊಲಿಗೆ, ಯಾವ ಮಗ್ಗುಲಿಗೆ ಮಲಗಬಾರದು, ವ್ಯಾಯಾಮ ಮಾಡಿಸಲು ಬರುವ ಹುಡುಗಿ ಎಂಥ ಕಟುಕಿ. ಅವನು “ಹ್ಞಾಂ” ಎನ್ನುತ್ತ ಉಂಡ. ಈ ಮನುಷ್ಯನ ಜೊತೆ ನಾನು ಐವತ್ತು ವರ್ಷದಿಂದ ಉಂಡಿದ್ದೇನೆ. ಗಿರಾಕಿಗಳ ನಡುವೆ ನಿಂತು ಉಂಡು ಅಭ್ಯಾಸವಾದವನು, ನಾನು ಪಲ್ಯ ಮುಗಿಸುವಷ್ಟರಲ್ಲಿ ಮಜ್ಜಿಗೆಗೆ ಬಂದು ತಲುಪುತ್ತಿದ್ದ. ಆ ದಿನ ಅವನು ಉಂಡ ನಿಧಾನ ನೋಡಬೇಕಿತ್ತು. ಒಂದೊಂದು ಬೆಂಡೆಕಾಯಿಯನ್ನೂ ಜೋಪಾನವಾಗಿ ತಿಂದ. ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಮೂರನೆಯ ಸಲವೂ ಹಾಕಿಸಿಕೊಂಡ. ಬೆಲ್ಲ ಜಾಸ್ತಿಯಾದ ಹುಳಿಯನ್ನೇ ಮತ್ತೆ ಕೇಳಿದ. ಹಿರಿಯರು ಕೂತ ಮೇಲೆ, ಉಣ್ಣುವವನು ಮುಗಿಸುವವರೆಗೆ ಏಳುವುದಿಲ್ಲ, ಅದೂ ಆ ಮನೆಯ ಕ್ರಮವೇ. ಅವನು ಮುಗಿಸಿದರೆ ಅವಳು ಎದ್ದು ಒಳಗೆ ಹೋಗುತ್ತಾಳೆ.

ಉಡುಪಿಯ ಹುಡುಗಿಯರು ಹೋದರು. ಬೈಂದೂರಿನವರೂ ಹೋದರು. ಮೇಜುಗಳನ್ನು ಒರೆಸಿಯೂ ಆಯಿತು. ಮಗಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮಾವ, ಪಾತ್ರಿ ತೊಳುಕೆ ಇತ್ತ್.”

ಸಾರ್ ಹೋಗಿ ಮಾವ ಬಂದದ್ದನ್ನು ಅವನು ತಲೆಯಾಡಿಸಿ ಸ್ವೀಕರಿಸಿದ. “ಪಾಯಸ ಇತ್ತಾ?” ಎಂದು ಕೇಳಿದ.

“ಎರಡ್ ಸಲ ಆಯ್ತಲೆ!”

“ಹಾಕ್ ಹೆಣ್ಣೆ,” ಎಂದಳು ಅಕ್ಕ, ನೋಯುವ ಕಾಲನ್ನು ವಾಕರಿನ ಕೆಳಗಿನ ಸರಳಿನ ಮೇಲೆ ಎತ್ತಿಟ್ಟು, ಬೆನ್ನನ್ನು ಕುರ್ಚಿಗೆ ಒರಗಿಸಿಕೊಂಡು. “ಅವ ನಿಧಾನ ಉಣ್ಲಿ. ನಂಗೆಂತ ಅವಸರ ಇಲ್ಲೆ.”